ಕೂಸಿಲ್ಲದ ಬಾಣಂತನ

ಆಸ್ಪತ್ರೆಯಿಂದ ಮನೆಗೆ ಬಂದಾಗ ನನ್ನ ಅಕ್ಕ ಬಾಣಂತಿ ಕೋಣೆ ಸಿದ್ಧಮಾಡಿ ಇಟ್ಟಿದ್ದಳು. ಹಗ್ಗದ ಮಂಚ, ಅದರ ಕೆಳಗೆ ಕೆಂಡ ಇಡಲು ಒಡೆದ ಮಡಕೆಯ ತಳ, ಬಾಗಿಲಿಗೆ ಹಳೆಯ ಸೀರೆಯ ಪರದೆ, ಕಿವಿಗೆ ಕಟ್ಟಿಕೊಳ್ಳಲು ಬಟ್ಟೆ, ಮೂಲೆಯಲ್ಲಿ ಒಣಕೊಬ್ಬರಿ, ಬೆಲ್ಲ, ಬೆಳ್ಳುಳ್ಳಿ, ತುಪ್ಪದ ಡಬ್ಬಿ. ಎಲ್ಲವೂ ಇತ್ತು. ಕೂಸು ಒಂದಿರಲಿಲ್ಲ.

ಮಕ್ಕಳೇ, ನಿಮ್ಮಜ್ಜಿ ಇಂಥ ಸಂಗತಿಯನ್ನು ಬಾಯಿಬಿಟ್ಟು ಹೇಳುವವಳಲ್ಲ ಎಂದು ನಿಮಗೆ ಗೊತ್ತು. ಬರೆಯುವುದು ಸ್ವಲ್ಪ ಸುಲಭ, ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಹೆಣ್ಣುಮಕ್ಕಳಿಗೆಂದು ಬರೆಯುತ್ತಿದ್ದೇನೆ. ಗಂಡುಹುಡುಗರೂ ಓದಲಿ.

ನನಗೆ ಆಗ ನಲವತ್ನಾಲ್ಕು ವರ್ಷ. ಗರ್ಭಕೋಶದಲ್ಲಿ ಗಡ್ಡೆಗಳಾಗಿ, ಮುಟ್ಟು ಬಂದರೆ ನಿಲ್ಲದಂತಾಗಿ, ಮೈಯಲ್ಲಿ ರಕ್ತವೇ ಉಳಿಯದೆ, ಕೊನೆಗೆ ತುಮಕೂರಿನಲ್ಲಿ ಹೊಟ್ಟೆ ಕುಯ್ದು ತೆಗೆದರು. ಅದು ಸಂಕ್ರಾಂತಿ ಕಳೆದ ಮೇಲಿನ ಮಾತು. ಹೊಲಿಗೆ ಚೆನ್ನಾಗಿ ಕೂಡಿಕೊಂಡಿತು. ಭಾರ ಎತ್ತಬೇಡಿ, ಮೂರು ತಿಂಗಳು ಬಗ್ಗಬೇಡಿ ಎಂದು ಹೇಳಿ ಕಳಿಸಿದರು. ಏನು ತಿನ್ನಬೇಕು, ಮುಂದೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಜಾಗವನ್ನು ಅಕ್ಕ ತುಂಬಿದಳು.

ಅಕ್ಕ ಮದಲೂರಿನವಳು. ಹೆಣ್ಣುಮಕ್ಕಳು, ಸೊಸೆಯಂದಿರು, ಅಕ್ಕಪಕ್ಕದವರು ಎಂದು ಎಷ್ಟೋ ಬಾಣಂತನ ಮಾಡಿದ ಕೈ. ಮಂಚ ನೋಡಿ ನನಗೆ ನಾಚಿಕೆಯಾಯಿತು.

"ಅಕ್ಕ, ನಾನೇನು ಹೆತ್ತಿದೀನಾ? ಇದೆಲ್ಲ ಯಾಕೆ?"

"ಹೊಟ್ಟೆ ಕುಯ್ಸ್ಕಂಡ ಮ್ಯಾಲೆ ಹೆತ್ತಂಗೇ ಕಣೆ. ಹೆತ್ತೋಳ್ಗೆ ಕೂಸು ಹೊರಗೆ ಬತ್ತೈತೆ. ನಿಂಗೆ ಕೂಸಿನ ಮನೇನೇ ಹೊರಗೆ ಬಂದೈತೆ. ನಿಂದು ಇನ್ನೂ ದೊಡ್ಡ ಬಾಣಂತನ. ಸುಮ್ಕೆ ಮಲಗು."

ಹೋಗಿ ಮಲಗಿದೆ. ನಮ್ಮ ಕಡೆ ಗರ್ಭಕೋಶ ತೆಗೆಸಿಕೊಂಡ ಬೇರೆ ಹೆಂಗಸರಿಗೂ ಹೀಗೇ ಮಾಡಿದ್ದನ್ನು ನಾನು ನೋಡಿದ್ದೆ. ಬೆಳಿಗ್ಗೆ ಬಿಸಿ ಅನ್ನ, ಮೆಣಸಿನ ಸಾರು, ಅದರ ಮೇಲೆ ತೇಲುವಷ್ಟು ತುಪ್ಪ. ನಡುಹೊತ್ತಿಗೆ ಕೊಬ್ಬರಿ, ಬೆಲ್ಲ, ಗೋಂದು ಹಾಕಿ ಕಟ್ಟಿದ ಉಂಡೆ. ಮುದ್ದೆ ಕೂಡದು, ಸೊಪ್ಪು ಕೂಡದು, ಮಜ್ಜಿಗೆಯಂತೂ ಬಾಗಿಲ ಒಳಗೇ ಬರಕೂಡದು. ನೀರು ಕಾಯಿಸಿದ್ದು, ಅದೂ ಕೇಳಿದಾಗ ಅರ್ಧ ಲೋಟ. ಅಂಗಳ ದಾಟಿ ನಡೆಯುವಂತಿಲ್ಲ. ದುಡಿಯುವ ಮೈಗೆ ಹೆರಿಗೆಯಾದಾಗ ಇದೆಲ್ಲ ದಕ್ಕುತ್ತದೆ, ಏಕೆಂದರೆ ಕೂಸು ಹಾಲಾಗಿ ಹೀರಿಕೊಳ್ಳುತ್ತದೆ. ನನ್ನಿಂದ ಹೀರಿಕೊಳ್ಳುವವರು ಯಾರಿದ್ದರು?

ಮನೆಗೆ ಬಂದು ಹೆಚ್ಚು ದಿನ ಕಳೆದಿರಲಿಲ್ಲ, ಝಳ ಶುರುವಾಯಿತು. ನಾನು ಅದಕ್ಕೆ ಇಟ್ಟ ಹೆಸರು ಅದೇ. ಬೆಂಕಿಯ ಮುಂದೆ ಕೂತಾಗ ಮುಖಕ್ಕೆ ಹೊಡೆಯುವ ಝಳ ಒಳಗಿನಿಂದ ಹೊಡೆದರೆ ಹೇಗಿರುತ್ತದೆಯೋ ಹಾಗೆ. ಎದೆಯ ನಡುವಿನಿಂದ ಏರಿ, ಕುತ್ತಿಗೆ ಹತ್ತಿ, ಕಿವಿ ಕಾದು, ನೆತ್ತಿಯಲ್ಲಿ ಬೆವರು ಹನಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇಳಿದುಹೋಗಿ ಮೈ ತಣ್ಣಗಾಗಿ ನಡುಕ ಬರುತ್ತಿತ್ತು. ಕೆಳಗೆ ಕೆಂಡ, ಕಿವಿಗೆ ಬಟ್ಟೆ, ಮೇಲೆ ಕಂಬಳಿ. ನಾನು ಬಟ್ಟೆ ಕಿತ್ತೆಸೆದರೆ ಅಕ್ಕ ಮತ್ತೆ ಕಟ್ಟುತ್ತಿದ್ದಳು.

"ನೋಡೆ, ನಂಜು ಎಂಗೆ ಬೆವರಾಗಿ ಇಳೀತಾ ಐತೆ! ಇಳೀಲಿ ಬುಡು. ಇನ್ನೊಂದೀಟು ಕೆಂಡ ಹಾಕ್ತೀನಿ."

ನಾನು ಬೆವರಿದಷ್ಟೂ ಅವಳಿಗೆ ತನ್ನ ಕೈಗುಣದ ಮೇಲೆ ನಂಬಿಕೆ ಬೆಳೆಯಿತು. ಝಳ ನಿಲ್ಲದಿದ್ದುದರಿಂದ ಬಾಣಂತನವೂ ನಿಲ್ಲಲಿಲ್ಲ. ಮೂರು ತಿಂಗಳಿಗೆ ಮುಗಿಯಬೇಕಾದದ್ದು ಐದನೆಯ ತಿಂಗಳಿಗೆ ಹೋಯಿತು. ನಡುವೆ ಒಂದೆರಡು ಸಲ ಅವಳು ಊರಿಗೆ ಹೋಗಿ ಬಂದಳು. ಬರುವಾಗ ತುಪ್ಪ ತಂದಳು.

ರವಿಕೆಗಳು ಒಂದೊಂದಾಗಿ ಹಿಡಿಯದಾದವು. ಮೊದಲು ತೋಳು ಬಿಗಿಯಾಯಿತು, ಆಮೇಲೆ ಗುಂಡಿ ಕೂಡಲಿಲ್ಲ. ಹೊಟ್ಟೆ ಮಾತ್ರ ಬೇರೆಯವರದ್ದು ತಂದು ಅಂಟಿಸಿದಂತೆ ಮುಂದೆ ಬಂತು. ನಿದ್ದೆ ಹರಿದು ಚೂರಾಯಿತು. ಮಂಡಿ, ಬೆರಳ ಗಿಣ್ಣು ಬೆಳಿಗ್ಗೆ ಬಿಗಿದುಕೊಂಡಿರುತ್ತಿದ್ದವು. ಮೂತ್ರಕ್ಕೆ ಹೋದರೆ ಉರಿ. ಕೋಳಿ ಅಂಗಳದಲ್ಲಿ ಕೆದಕಿದರೂ ಅಳು ಬರುತ್ತಿತ್ತು, ಆಮೇಲೆ ಅದೇ ಕೋಳಿಯ ಮೇಲೆ ಸಿಟ್ಟು ಬರುತ್ತಿತ್ತು. ಇಷ್ಟನ್ನೂ ನಾನು ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: ಸುಸ್ತು. ಊರಿಗೆ ಬಂದು ಹೋಗುವ ಡಾಕ್ಟರಿಗೂ ಅಷ್ಟೇ ಹೇಳಿದೆ. ಗಂಡಸರ ಮುಂದೆ ಇನ್ನೇನು ಹೇಳಲಿ? ಅವರು ಗ್ಲೂಕೋಸ್ ಹಾಕಿದರು. ಸುಸ್ತು ಎಂದವಳಿಗೆ ಗ್ಲೂಕೋಸ್ ಹಾಕದೆ ಅವರಾದರೂ ಏನು ಮಾಡಿಯಾರು?

ಆಷಾಢದ ಗಾಳಿ ಬೀಸತೊಡಗಿದಾಗ ನಾನು ಮಗ್ಗಕ್ಕೆ ಹೋಗಬೇಕೆಂದು ಎದ್ದೆ.

ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನ ಮೇಲೆ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಕಂಬಳಿ ನೇಯುವುದು. ನೇಯ್ದದ್ದನ್ನು ಸುತ್ತುವ ದಪ್ಪ ಮರವೊಂದು ಹೊಟ್ಟೆಯ ಮುಂದೆಯೇ ಅಡ್ಡ ಇರುತ್ತದೆ. ನಮ್ಮ ಕುಲದಲ್ಲಿ ಉಣ್ಣೆ ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದ್ದು. ನಿಮ್ಮ ತಾತ ಹೋದ ಮೇಲೆ, ಹಾಸು ಹಾಕಿದ ಕಂಬಳಿ ಅರ್ಧಕ್ಕೆ ನಿಂತಿತ್ತೆಂದು ನಾನೇ ಗುಂಡಿಗೆ ಇಳಿದೆ, ಆಮೇಲೆ ಹತ್ತಲಿಲ್ಲ. ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಗುಂಡಿ ಇತ್ತು. ಈಗ ಉಳಿದದ್ದು ನಮ್ಮದೊಂದೇ. ಮುಚ್ಚಿದ ಗುಂಡಿಯನ್ನು ಮತ್ತೆ ತೋಡಿಸಿದವರನ್ನು ನಾನು ಕಂಡಿಲ್ಲ.

ಹಾಸಿನ ಎಳೆಗಳಿಗೆ ಮೊದಲು ಗಂಜಿ ಹಾಕಬೇಕು. ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಕುದಿಸಿದರೆ ಅಂಟಾದ ಗಂಜಿಯಾಗುತ್ತದೆ. ಉದ್ದಕ್ಕೆ ಎಳೆದು ಕಟ್ಟಿದ ಉಣ್ಣೆಯ ಎಳೆಗಳಿಗೆ ಅದನ್ನು ಕುಂಚದಲ್ಲಿ ಬಳಿದು ಬಿಸಿಲಿಗೆ ಒಣಗಿಸಿದರೆ ಎಳೆ ಗಟ್ಟಿಯಾಗಿ, ಬಡಿತ ತಡೆಯುತ್ತದೆ. ಇಷ್ಟನ್ನು ಮೈದುನನ ಹೆಂಡತಿಯ ಸಹಾಯದಿಂದ ಮುಗಿಸಿ, ಹಾಸನ್ನು ಮಗ್ಗಕ್ಕೆ ಏರಿಸಿ, ಗುಂಡಿಗೆ ಇಳಿದೆ.

ಕೂರುವುದೇ ಕಷ್ಟವಾಯಿತು. ಅಂಚಿಗೂ ಮರಕ್ಕೂ ನಡುವೆ ನನ್ನ ಹೊಟ್ಟೆ ಹಿಡಿಯಲಿಲ್ಲ. ಉಸಿರು ಒಳಗೆ ಎಳೆದು ತೂರಿಕೊಂಡೆ. ಮರ ಸರಿಯಾಗಿ ಹೊಲಿಗೆಯ ಗೆರೆಯ ಮೇಲೇ ಒತ್ತಿತು. ಆದರೂ ಲಾಳಿ ಓಡಿಸಿದೆ. ಒಂದು ಗೇಣು ನೇಯುವಷ್ಟರಲ್ಲಿ ಝಳ ಬಂತು. ತೊಡೆಯ ಮೇಲೆ ಉಣ್ಣೆ, ಮುಂದೆ ಉಣ್ಣೆ, ಕಿಟಕಿ ಇಲ್ಲದ ಹಜಾರ. ಗಲ್ಲದಿಂದ ಬೆವರು ಹಾಸಿನ ಮೇಲೆ ತೊಟ್ಟಿಕ್ಕಿತು. ಒರೆಸಿಕೊಂಡು ಮತ್ತೆ ತುಳಿದೆ. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಲಾಳಿ ತೂರಲು ಬಾಯಿ ಬಿಡಲಿಲ್ಲ. ಜೋರಾಗಿ ತುಳಿದರೆ ಪಟ್ ಎಂದು ಹರಿದವು.

ಗಂಜಿ ಹದ ಕೆಟ್ಟಿದೆ ಎಂದುಕೊಂಡೆ. ಬೀಜ ಸರಿಯಾಗಿ ಬೆಂದಿಲ್ಲ ಎಂದು ಮೈದುನನ ಹೆಂಡತಿಯ ಮೇಲೆ ಹರಿಹಾಯ್ದೆ. ಮಿಕ್ಕ ಗಂಜಿ ಚೆಲ್ಲಿ, ಹೊಸದಾಗಿ ಹುರಿದು, ರುಬ್ಬಿ, ಇನ್ನೂ ದಪ್ಪಕ್ಕೆ ಕಾಯಿಸಿ ಬಳಿದೆ. ಮತ್ತೆ ಹರಿಯಿತು. ಆಗ ಎದ್ದುನಿಂತು ನೋಡಿದೆ. ನಾನು ಕೂತ ಜಾಗದ ಎದುರಿನ ಅಗಲದಲ್ಲಿ ಮಾತ್ರ ಎಳೆ ಅಂಟಿದ್ದವು. ಎರಡೂ ಬದಿಯಲ್ಲಿ ಗಂಜಿ ಒಣಗಿ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಗಂಜಿಯಲ್ಲ. ನನ್ನ ಬೆವರು ಬಿದ್ದಲ್ಲಿ ಅದು ಮತ್ತೆ ಅಂಟಾಗುತ್ತಿತ್ತು.

ಅಂದು ಸಂಜೆ ಮೈದುನ ಬಂದು ಕಂಬಕ್ಕೆ ಒರಗಿ ಕೂತ. ಒಳ್ಳೆಯವನೇ. ನಿಮ್ಮ ತಾತನಿಗಿಂತ ಬಹಳ ಚಿಕ್ಕವನು, ನಾನು ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದ.

"ಅತ್ಗೆ, ಒಂದ್ಮಾತು ಹೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ಈ ಗುಂಡಿ ಮುಚ್ಚಿಬುಡಾನ."

ನಾನು ಹರಿದ ಎಳೆಗಳಿಗೆ ಗಂಟು ಹಾಕುತ್ತಲೇ ಇದ್ದೆ.

"ದೀಪಾವಳಿ ಹೊತ್ಗೆ ಕೆರೆ ಮಣ್ಣು ಹೊಡುಸ್ತೀನಿ. ಸಮ ಮಾಡುದ್ರೆ ಇಲ್ಲಿ ಒಂದು ಹಸ ಕಟ್ಬೋದು. ನೀನು ಹೊಟ್ಟೆ ಇಡ್ಕಂಡು ಏಳೋದು ನೋಡಕ್ಕಾಗಲ್ಲ ನಂಗೆ. ಕುಂತ್ಕಂಡು ನೂಲು ತಗಿ, ಸಾಕು. ನೇಯ್ದಿದ್ದು ಸಾಕು ಬುಡು."

"ದೀಪಾವಳಿವರ್ಗೂ ಟೈಮ್ ಕೊಡಪ್ಪ" ಎಂದೆ.

ಆ ಗುಂಡಿ ಹೋದರೆ ನನಗೆ ನನ್ನದೆಂಬ ಕೆಲಸ ಹೋಗುತ್ತಿತ್ತು. ನೂಲು ಯಾರಾದರೂ ತೆಗೆಯುತ್ತಾರೆ. ಕಂಬಳಿ ಬೇಕಾದವರು ಮಾತ್ರ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು, ಪಾವಗಡದ ಕಡೆಯ ಕುರಿಯವರೂ ಬರುತ್ತಿದ್ದರು. ಗಂಡ ಸತ್ತ ಮೇಲೆ ನಾನು ತಲೆ ಎತ್ತಿ ಮಾತಾಡುತ್ತಿದ್ದುದು ಅವರೊಂದಿಗೆ ಮಾತ್ರ, ಅದೂ ಕಂಬಳಿಯ ಉದ್ದಗಲದ ಬಗ್ಗೆ.

ಮಧುಗಿರಿಯಲ್ಲಿ ಹೆಂಗಸರ ಡಾಕ್ಟರು ಇದ್ದಾರೆಂದು ನಿಮ್ಮ ಅಮ್ಮ ಬಹಳ ದಿನದಿಂದ ಹೇಳುತ್ತಿದ್ದಳು. ಶ್ರಾವಣ ಬಂದ ಮೇಲೆ ಮಿಡಿಗೇಶಿಯಿಂದ ಬಸ್ಸು ಹಿಡಿದು ಹೊರಟೆ. ಅಕ್ಕನೂ ಜೊತೆಗೆ ಬಂದಳು, ನನ್ನ ಬಾಯಿಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ದಾರಿಯುದ್ದಕ್ಕೂ ನಾನು ಒಂದೇ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡೆ: ಸುಸ್ತು ಎನ್ನಬಾರದು.

ಡಾಕ್ಟರಮ್ಮ ಏನಾಗುತ್ತದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಸುಸ್ತು ಮೇಡಂ" ಎಂದಳು.

"ಸುಸ್ತಲ್ಲ" ಎಂದೆ. ಆಮೇಲೆ ಗೋಡೆಯನ್ನು ನೋಡಿಕೊಂಡು ಎಲ್ಲ ಹೇಳಿದೆ. ಝಳ, ಬೆವರು, ನಿದ್ದೆ, ಗಿಣ್ಣು, ಉರಿ, ಅಳು. ಹೇಳುತ್ತಿರುವಾಗಲೇ ಒಂದು ಝಳ ಬಂತು. ಡಾಕ್ಟರಮ್ಮ ಫ್ಯಾನನ್ನು ನನ್ನ ಕಡೆ ತಿರುಗಿಸಿ ಅದು ಇಳಿಯುವವರೆಗೆ ಸುಮ್ಮನೆ ಕಾದರು.

"ಗರ್ಭಕೋಶದ ಜೊತೆ ಅಂಡಾಶಯಾನೂ ತೆಗೆದ್ರಾ?"

ನನಗೆ ಗೊತ್ತಿರಲಿಲ್ಲ. ಅಕ್ಕ, "ಎಲ್ಲಾ ಕಿಲೀನ್ ಮಾಡವ್ರೆ ಅಂದ್ರು ಮೇಡಂ" ಎಂದಳು. ಡಾಕ್ಟರಮ್ಮ ಆಸ್ಪತ್ರೆಯ ಚೀಟಿ ನೋಡಿ ತಲೆಯಾಡಿಸಿದರು. ಎರಡನ್ನೂ ತೆಗೆದಿದ್ದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಹೆಣ್ಣಿನ ಮೈಗೆ ಬೇಕಾದ ಒಂದು ಹಾರ್ಮೋನು ಹೆಚ್ಚಾಗಿ ಆ ಎರಡು ಅಂಡಾಶಯಗಳಿಂದ ಬರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅದು ವರ್ಷಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಇಳಿಯುತ್ತದೆ, ಮೈ ಒಗ್ಗಿಕೊಳ್ಳುತ್ತ ಹೋಗುತ್ತದೆ. ನನಗೆ ಆಪರೇಷನ್ ಆದ ದಿನವೇ ನಿಂತುಹೋಗಿತ್ತು. ಗರ್ಭಕೋಶ ಒಂದನ್ನೇ ತೆಗೆದು ಅಂಡಾಶಯ ಉಳಿಸಿದವರಿಗೆ ಸಾಮಾನ್ಯವಾಗಿ ಇಷ್ಟು ಜೋರಾಗಿ ಬರುವುದಿಲ್ಲವಂತೆ. ತೆಗೆಯಲೇಬೇಕಾದ ಕಾರಣ ಇದ್ದಿರಬಹುದು, ಅದನ್ನು ನಾನು ಅಲ್ಲೇ ಕೇಳಬೇಕಾಗಿತ್ತು ಎಂದರು. ಮಕ್ಕಳೇ, ನಿಮಗೆ ಮುಂದೆ ಯಾವಾಗಲಾದರೂ ಇಂಥ ಪ್ರಸಂಗ ಬಂದರೆ, ಏನನ್ನು ತೆಗೆಯುತ್ತೀರಿ, ಏನನ್ನು ಉಳಿಸುತ್ತೀರಿ ಎಂದು ಒಳಗೆ ಹೋಗುವ ಮೊದಲು ಕೇಳಿ.

ಆಮೇಲೆ ತೂಕ ನೋಡಿದರು. ಆಪರೇಷನ್‌ಗೆ ಮುಂಚೆ ನಲವತ್ತೊಂಬತ್ತು ಇತ್ತು. ಈಗ ಅರವತ್ತೆರಡು.

"ಹಾರ್ಮೋನ್ ಇಲ್ದಿದ್ರೆ ಕೊಬ್ಬು ಹೊಟ್ಟೆ ಸುತ್ತ ಸೇರ್ಕೊಳ್ಳುತ್ತೆ ಅಮ್ಮ, ನಿಜ. ಆದ್ರೆ ಇಷ್ಟೂ ಅದರ ಕೆಲಸ ಅಲ್ಲ. ಏನ್ ಊಟ ಮಾಡ್ತಿದ್ರಿ?"

ಅಕ್ಕ ಹೆಮ್ಮೆಯಿಂದ ಮುಂದೆ ಬಂದಳು. "ಊಟುಕ್ಕೆ ಏನೂ ಕಮ್ಮಿ ಮಾಡಿಲ್ಲ ಮೇಡಂ. ನಾನೇ ಬಾಣಂತನ ಮಾಡಿರೋದು. ಐದ್ ತಿಂಗ್ಳು!"

"ಬಾಣಂತನಾನಾ? ಮಗು ಎಲ್ಲಮ್ಮಾ?"

"ಮಗು ಇಲ್ಲ ಮೇಡಂ."

ಡಾಕ್ಟರಮ್ಮ ನಗು ತಡೆಯಲು ಚೀಟಿಯನ್ನು ಮುಖಕ್ಕೆ ಹಿಡಿದುಕೊಂಡರು. ಅಕ್ಕನಿಗೆ ಸಿಟ್ಟು ಬಂದು ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಐದು ತಿಂಗಳು ಒಲೆಯ ಮುಂದೆ ಬೆಂದವಳು ಅವಳೂ. ನನಗೆ ನಗಲು ಆಗಲಿಲ್ಲ.

"ನಿಮ್ಮಕ್ಕ ಚೆನ್ನಾಗೇ ನೋಡ್ಕೊಂಡಿದಾರೆ, ಹೊಲಿಗೆ ಎಷ್ಟು ಚೆನ್ನಾಗಿ ಮಾಗಿದೆ ನೋಡಿ" ಎಂದು ಡಾಕ್ಟರಮ್ಮನೇ ತಿದ್ದಿಕೊಂಡರು. "ಆದ್ರೆ ಇನ್ನು ತುಪ್ಪ ಸಾಕು. ಮುದ್ದೆ, ಸೊಪ್ಪು, ಹುರುಳಿ, ಮಜ್ಜಿಗೆ. ನೀರು ಬೇಕಾದಷ್ಟು. ಉರಿಗೆ ನೀರು ಕಡಿಮೆಯಾಗಿರೋದೂ ಒಂದು ಕಾರಣ ಇರಬಹುದು. ದಿನಾ ನಡೀರಿ, ಮೂಳೆಗೂ ಒಳ್ಳೇದು."

ರಕ್ತ, ಮೂತ್ರ, ಥೈರಾಯ್ಡ್, ಬಿಪಿ, ಎದೆ ಎಲ್ಲ ಪರೀಕ್ಷೆ ಮಾಡಿಸಿದರು. ಮನೆಯಲ್ಲಿ ಯಾರಿಗಾದರೂ ಎದೆಯ ಗಡ್ಡೆ ಇತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿದರು. ಆಮೇಲೆ ಹಾರ್ಮೋನಿನ ಮಾತ್ರೆಯನ್ನೂ ಸುಣ್ಣದಂಶದ ಮಾತ್ರೆಯನ್ನೂ ಬರೆದರು. ಇದು ಎಲ್ಲರಿಗೂ ಆಗುವ ಮಾತ್ರೆಯಲ್ಲ, ಹೇಳಿದಾಗ ಬಂದು ತೋರಿಸಬೇಕು, ಬೇರೆಯವರಿಗೆ ಕೊಡಬಾರದು ಎಂದರು. ಹೊರಗೆ ಬಂದ ಕೂಡಲೇ ಅಕ್ಕ, "ನಂಗೂ ಮಂಡಿ ನೋವು ಐತೆ, ಒಂದು ಕೊಟ್ಟಿರು" ಎಂದಳು. ಕೊಡಲಿಲ್ಲ.

ಅಕ್ಕ ಮದಲೂರಿಗೆ ಹೋಗಿಬಿಡುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದಳು. ಇಬ್ಬರೂ ದಿನಾ ನಮ್ಮೂರ ಕೋಟೆ ಬೆಟ್ಟದ ಬುಡದವರೆಗೆ ನಡೆಯತೊಡಗಿದೆವು.

"ಯಾವ ದಾರಿ ಅಕ್ಕಾರೆ?" ಎಂದು ಹೊಲಕ್ಕೆ ಹೋಗುವವರು ಕೇಳಿದರೆ, ಅಕ್ಕ, "ತಿಂದ ತುಪ್ಪ ವಾಪಸ್ ಕೊಟ್ಟು ಬರಾಕೆ" ಎನ್ನುತ್ತಿದ್ದಳು.

ಕೆಲವು ವಾರಗಳಲ್ಲಿ ಝಳ ಕಡಿಮೆಯಾಯಿತು. ದಿನಕ್ಕೆ ಲೆಕ್ಕವಿಲ್ಲದಷ್ಟು ಬರುತ್ತಿದ್ದದ್ದು ಎಲ್ಲೋ ಒಂದೆರಡಕ್ಕೆ ಇಳಿಯಿತು. ನಿದ್ದೆ ಬಂತು, ನಿದ್ದೆಯ ಜೊತೆ ಬುದ್ಧಿಯೂ ಬಂತು. ಮೈದುನನ ಹೆಂಡತಿಗೆ, ಗಂಜಿ ನಿನ್ನ ತಪ್ಪಲ್ಲ ಎಂದು ಹೇಳಿದೆ. ಮಗ್ಗಕ್ಕೆ ಕೂರುವಾಗ ಹಣೆಗೆ ಹತ್ತಿಯ ಬಟ್ಟೆ ಕಟ್ಟಿ, ಗಲ್ಲದ ಕೆಳಗೆ ಎದೆಯ ಮೇಲೆ ಟವೆಲ್ ಹಾಸಿಕೊಂಡೆ. ಝಳ ಏರುವ ಸೂಚನೆ ಸಿಕ್ಕ ಕೂಡಲೇ ಕೈ ಬಿಟ್ಟು ಹಿಂದಕ್ಕೆ ವಾಲಿ, ಅದು ಇಳಿದ ಮೇಲೆ ಲಾಳಿ ಹಿಡಿಯುವುದನ್ನು ಕಲಿತೆ. ಎಳೆ ಹರಿಯುವುದು ನಿಂತಿತು.

ತೂಕ ಮಾತ್ರ ಹಟಮಾರಿ. ಮೂರು ಕೆಜಿ ಇಳಿದು ಅಲ್ಲೇ ನಿಂತಿತು. ಹೊಟ್ಟೆ ಒಂದು ಬೆರಳು ಸರಿದಿರಬಹುದು. ಮರ ಇನ್ನೂ ಹೊಲಿಗೆಯ ಮೇಲೇ ಒತ್ತುತ್ತಿತ್ತು. ಒಂದು ಮೊಳ ನೇಯುವಷ್ಟರಲ್ಲಿ ಹಿಡಿದುಕೊಂಡು ಏಳಬೇಕು. ನಾನು ಊಟ ಅರ್ಧ ಮಾಡಿದೆ. ತಲೆ ಸುತ್ತಿ ಬಚ್ಚಲ ಬಳಿ ಕೂತುಬಿಟ್ಟೆ. ಹೇಳಿದ ದಿನ ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಬೈದರು. ಇದು ವರ್ಷ ಹಿಡಿಯುವ ಕೆಲಸ, ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು, ಹಸಿದರೆ ಮೂಳೆ ಸವೆಯುತ್ತದೆ ಎಂದರು. ದೀಪಾವಳಿ ಹತ್ತಿರ ಬರುತ್ತಿತ್ತು.

ಮಧುಗಿರಿಯಿಂದ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಮುಂದಿನ ಸೀಟಿಗೂ ನನ್ನ ಹೊಟ್ಟೆಗೂ ನಡುವೆ ಜಾಗ ಸಾಲದೆ ಕೈಚೀಲ ಸಿಕ್ಕಿಕೊಂಡಿತ್ತು. ಕಂಡಕ್ಟರು, "ಅಮ್ಮಾ, ಹಿಂದಿನ ಸೀಟು ಅಗಲ ಐತೆ, ಅಲ್ಲಿ ಕುಂತ್ಕಳಿ" ಎಂದ. ಹಿಂದೆ ಹೋಗಿ ಕೂತೆ, ಆರಾಮವಾಯಿತು. ಆಗ ಹೊಳೆಯಿತು. ಆ ಗುಂಡಿಯನ್ನು ತೋಡಿಕೊಂಡವರು ನಿಮ್ಮ ತಾತ, ತಮ್ಮ ಮೈಯ ಅಳತೆಗೆ. ಅವರದು ಒಣಕಲು ಮೈ. ಮೊದಲಿನ ನನ್ನ ಮೈಗೂ ಅದು ಹೇಗೋ ಸರಿಹೋಗಿತ್ತು. ನಾನು ಆಷಾಢದಿಂದ ನನ್ನ ಮೈಯನ್ನು ಆ ಗುಂಡಿಯ ಅಳತೆಗೆ ಇಳಿಸಲು ಹೆಣಗುತ್ತಿದ್ದೆ. ಹಿಂದಿನ ಅಂಚನ್ನು ಕಡಿದು ಕೂರುವ ಜಾಗವನ್ನು ಹಿಂದಕ್ಕೆ ಸರಿಸಿದರೆ ಮರ ಇದ್ದಲ್ಲೇ ಇರುತ್ತದೆ, ಎಳೆ ಬಡಿಯುವ ಹಣಿಗೆಗೆ ಕೈಯೂ ಎಟುಕುತ್ತದೆ.

ಹೊಳೆಯುವುದು ಸುಲಭ. ಹೇಳಬೇಕಾದದ್ದು ಮೈದುನನಿಗೆ. ಅವನ ಮುಂದೆ ನಾನು ಹೊಟ್ಟೆ ಎಂಬ ಮಾತನ್ನು ಊಟದ ವಿಷಯಕ್ಕಲ್ಲದೆ ಆಡಿದವಳಲ್ಲ. ಇವತ್ತು ನಾಳೆ ಎಂದು ತಳ್ಳುತ್ತ ಬಂದೆ.

ಹಬ್ಬ ಕಳೆದ ಮರುವಾರ ಬಾಗಿಲಿಗೆ ಟ್ರ್ಯಾಕ್ಟರು ಬಂದು ನಿಂತಿತು. ಟ್ರೈಲರ್ ತುಂಬ ಕೆರೆ ಮಣ್ಣು. ಮೈದುನ, ಮಣ್ಣು ತುಂಬಿಸಿಕೊಂಡು ಬಂದ ಇಬ್ಬರು, ಕೈಯಲ್ಲಿ ಗುದ್ದಲಿ, ಮಂಕರಿ. ಮೈದುನ ಮಗ್ಗದ ಹಗ್ಗ ಬಿಚ್ಚಲು ಬಗ್ಗಿದ. ನಾನು ಹಜಾರದ ಬಾಗಿಲಲ್ಲಿ ನಿಂತಿದ್ದೆ.

"ಗುಂಡಿ ಮುಚ್ಬ್ಯಾಡಪ್ಪ. ಅಗಿ."

"ಏನತ್ಗೆ?"

ಒಮ್ಮೆ ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಹೇಳುತ್ತಿರಲಿಲ್ಲ.

"ಗರ್ಭಕೋಶದ ಜೊತೆ ಅಂಡಾಶಯಾನೂ ತಗುದವ್ರೆ. ಅದ್ಕೇ ಮೈಯೆಲ್ಲ ಝಳ ಬತ್ತಿತ್ತು, ಅದ್ಕೇ ಹೊಟ್ಟೆ ದಪ್ಪ ಆಗೈತೆ. ಮಾತ್ರೆ ನುಂಗ್ತಿದೀನಿ, ನಡೀತಿದೀನಿ. ಇಳುದ್ರೆ ಇಳೀಲಿ, ಇಳೀದಿದ್ರೆ ಇದೇ ನನ್ ಮೈ. ಈ ಗುಂಡಿ ನಿಮ್ಮಣ್ಣನ ಅಳತೆಗೈತೆ. ನನ್ನ ಅಳತೆಗೆ ಹಿಂದುಕ್ಕೆ ಕಡಿ. ನಾನು ನೇಯ್ತೀನಿ."

ಮೈದುನ ಕಂಬವನ್ನು ನೋಡಿದ, ಮಣ್ಣನ್ನು ನೋಡಿದ. ಕಿವಿ ಕೆಂಪಾಗಿತ್ತು. ಬಂದ ಇಬ್ಬರಲ್ಲಿ ಒಬ್ಬ ಬೀಡಿ ಹಚ್ಚಲು ಹೊರಗೆ ಹೋದ.

ಅಕ್ಕ ಒಳಗಿನಿಂದಲೇ ಕೂಗಿದಳು: "ನಿಂತ್ಕಂಡು ಏನ್ ನೋಡ್ತೀಯೋ? ನಿಮ್ಮಣ್ಣಂಗೆ ಹೊಟ್ಟೆ ಎಲ್ಲಿತ್ತು, ಬೆನ್ನಿಗೆ ಅಂಟ್ಕಂಡಿತ್ತು! ಅಗಿಯೋ."

"ಹಸ ಎಲ್ಲಿ ಕಟ್ಲಿ ಅತ್ಗೆ?"

"ಹಿತ್ಲಾಗೆ. ಈ ಮಣ್ಣು ಅಲ್ಲಿ ಸಮ ಮಾಡು. ನೆರಳಿಗೆ ಚಪ್ರ ಹಾಕಾನ, ನಾನೂ ಗಳ ಇಡೀತೀನಿ."

ಮೈದುನ ತಲೆ ಕೆರೆದುಕೊಂಡ. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಗುಂಡಿಗೆ ಇಳಿದು ಹಿಂದಿನ ಅಂಚಿಗೆ ಗುದ್ದಲಿ ಹಾಕಿದ. ವರ್ಷಗಟ್ಟಲೆ ಕೂತು ಕೂತು ಕಲ್ಲಾಗಿದ್ದ ಮಣ್ಣು, ಬೇಗ ಬಿಡಲಿಲ್ಲ. ಒಂದು ಗೇಣು ಕಡಿದು, ಕೈಯಲ್ಲಿ ಸವರಿ, ಹಲಗೆ ಇಟ್ಟು ಮೇಲೆ ಬಂದ.

"ಕುಂತ್ ನೋಡು ಅತ್ಗೆ."

ಬೀಡಿ ಸೇದಲು ಹೋದವನೂ ಬಾಗಿಲಿಗೆ ಬಂದು ನಿಂತಿದ್ದ. ಬೇರೆ ದಿನವಾಗಿದ್ದರೆ ಅವರೆಲ್ಲ ಹೋದ ಮೇಲೆ ಕೂರುತ್ತೇನೆ ಎನ್ನುತ್ತಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿಗೆ ಕಾಲು ಬಿಟ್ಟು ಕೂತೆ. ಹೊಟ್ಟೆಗೂ ಮರಕ್ಕೂ ನಡುವೆ ಅಂಗೈ ಅಡ್ಡವಿಟ್ಟು ನೋಡಿದೆ. ಅಂಗೈ ಹಿಡಿಯಿತು. ಮುಂದಕ್ಕೆ ಬಾಗಿ ಹಣಿಗೆ ಎಳೆದು ನೋಡಿದೆ. ಬಾಗಿದಾಗ ಇನ್ನೂ ಸ್ವಲ್ಪ ತಾಕಿತು.

"ಸಾಕಾ?" ಎಂದ ಮೈದುನ.

"ಸಾಲ್ದು" ಎಂದೆ. "ಇನ್ನೊಂದ್ ನಾಲ್ಕು ಬೆರಳಷ್ಟು ತಗಿ."